ವಂಗದೇಶದ ಕಹಿ ವ್ಯಂಜನವೂ ಒಂದು ಧರ್ಮಸಂದೇಹವೂ

ಒಂದು ಪದಾರ್ಥವು ರುಚಿಯಾಗಿದೆಯೆಂದು ಹೊಗಳಿದರೆ, ಅದು ಹುಟ್ಟಿಬಂದ ಸಂದರ್ಭವನ್ನೂ ಒಪ್ಪಿದಂತಾಗುತ್ತದೆಯೇ? ಈ ಪ್ರಶ್ನೆಯನ್ನು ತರ್ಕಶಾಲೆಯಲ್ಲಿ ಎತ್ತುವುದಕ್ಕಿಂತ ಅಡುಗೆಮನೆಯಲ್ಲಿ ಎತ್ತುವುದು ಮೇಲು. ಏಕೆಂದರೆ ತರ್ಕಶಾಲೆಯಲ್ಲಿ ಎರಡು ಪಕ್ಷದವರಿಗೂ ಊಟವಾಗಿರುತ್ತದೆ. ವಂಗದೇಶದಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತವರ ಎಲೆಗೆ ಮೊಟ್ಟಮೊದಲು ಬೀಳುವ 'ಶುಕ್ತೊ' ಎಂಬ ವ್ಯಂಜನವು ಈ ವಿಚಾರಕ್ಕೆ ತಕ್ಕ ಉದಾಹರಣೆಯಾಗಿದೆ. ಹಲವು ಬಗೆಯ ತರಕಾರಿಗಳನ್ನು ತೆಳುವಾದ ಬಿಳಿಯ ರಸದಲ್ಲಿ ಬೇಯಿಸಿ, ಹಾಗಲಕಾಯಿಯ ಕಹಿಯನ್ನು ಮರೆಮಾಡದೆ ಉಳಿಸಿಕೊಂಡ ಈ ಅಡುಗೆಯನ್ನು ಆ ನಾಡಿನವರು ತಮ್ಮ ನಿರಾಮಿಷಪಾಕದ ಶಿರೋಮಣಿಯೆಂದು ಎಣಿಸುತ್ತಾರೆ. ಆ ನಿರಾಮಿಷಪಾಕವು ಇಷ್ಟು ಸೂಕ್ಷ್ಮವಾಗಿ ಬೆಳೆದದ್ದು ಬಹುಮಟ್ಟಿಗೆ ವಿಧವೆಯರ ಒಲೆಯ ಮೇಲೆ ಎಂಬುದನ್ನೂ ಅವರೇ ಹೇಳುತ್ತಾರೆ. ಮೊದಲನೆಯ ಮಾತನ್ನು ಹೆಮ್ಮೆಯಿಂದ ಹೇಳುವವರು ಎರಡನೆಯ ಮಾತನ್ನು ಯಾವ ಧ್ವನಿಯಲ್ಲಿ ಹೇಳಬೇಕು? ಸಂದೇಹವಿರುವುದು ಇಲ್ಲಿಯೇ.

ಅಡುಗೆಯನ್ನು ಅರಿಯದೆ ಅದರ ಧರ್ಮಾಧರ್ಮಗಳನ್ನು ಚರ್ಚಿಸುವುದು ಉಚಿತವಲ್ಲವಾದಕಾರಣ ಮೊದಲು ಅದರ ಕ್ರಮವನ್ನು ಹೇಳತಕ್ಕದ್ದು. ನಾಲ್ಕೈದು ಮಂದಿಗೆ ಒಂದು ಬಾಳೆಕಾಯಿ, ಒಂದು ಸಿಹಿಗೆಣಸು, ಅಂಗೈಯಗಲದ ಪರಂಗಿಕಾಯಿಯ ಹೋಳು, ಎರಡು ನುಗ್ಗೆಕಾಯಿ, ಒಂದು ಬದನೆಕಾಯಿ, ಆರೇಳು ಚಪ್ಪರದವರೆ, ಎರಡು ಚಿಕ್ಕ ಹಾಗಲಕಾಯಿ ಇಷ್ಟು ಸಾಕು; ಕಾಲಕ್ಕೆ ತಕ್ಕಂತೆ ಮೂಲಂಗಿಯೋ ಆಲೂಗಡ್ಡೆಯೋ ಸೇರುವುದುಂಟು. ಎಲ್ಲವನ್ನೂ ಕಿರುಬೆರಳಿನ ಉದ್ದಕ್ಕೆ ಹೆಚ್ಚಬೇಕು. ಹೆಚ್ಚುವುದು ಅಲ್ಲಿಯೂ ನೆಲದ ಮೇಲೆ ಕುಳಿತು, ಕನ್ನಡಿಗರ ಈಳಿಗೆಮಣೆಯನ್ನೇ ಹೋಲುವ 'ಬೊಂಟಿ'ಯ ಮೇಲೆ. ಹಾಗಲಕಾಯಿಯನ್ನು ಬಿಲ್ಲೆಗಳಾಗಿ ಮಾಡಿ ಸಾಸಿವೆ ಎಣ್ಣೆಯಲ್ಲಿ ಬೇರೆಯಾಗಿ ಹುರಿದು ತೆಗೆದಿಡಬೇಕು. ಮೊದಲೇ ರಸಕ್ಕೆ ಬಿಟ್ಟರೆ ಅದರ ಕಹಿಯು ಮಿಕ್ಕ ಎಲ್ಲವನ್ನೂ ನುಂಗಿಬಿಡುತ್ತದೆ. ಉದ್ದಿನ ಹಿಟ್ಟನ್ನು ಬಿಸಿಲಿಗಿಟ್ಟು ಒಣಗಿಸಿದ 'ಬೊಡಿ' ಎಂಬ ಸಂಡಿಗೆಗಳನ್ನು ಹತ್ತು ಹನ್ನೆರಡು ಕೆಂಪಗೆ ಕರಿದಿಟ್ಟುಕೊಳ್ಳಬೇಕು. ಬದನೆಕಾಯಿಯನ್ನೂ ಒಮ್ಮೆ ಎಣ್ಣೆಯಲ್ಲಿ ಬಾಡಿಸಿ ತೆಗೆಯುವುದು ಒಳ್ಳೆಯದು.

ಬಳಿಕ ಒಗ್ಗರಣೆ. ನೋಡುವುದಕ್ಕೆ ಓಮದ ಕಾಳಿನಂತಿರುವ 'ರಾಂಧುನಿ' ಎಂಬ ಬೀಜವು ಈ ಅಡುಗೆಗೆ ಜೀವಾಳ. ಅರ್ಧ ಚಮಚಕ್ಕೆ ಮೀರಬಾರದು. ವಂಗಭಾಷೆಯಲ್ಲಿ ಅಡುಗೆ ಮಾಡುವವಳಿಗೂ ರಾಂಧುನಿಯೆಂದೇ ಹೆಸರು ಎಂಬುದು ಗಮನಿಸತಕ್ಕ ವಿಷಯ. ಬೀಜವು ಸಿಡಿದ ಮೇಲೆ ಗಟ್ಟಿ ತರಕಾರಿಗಳನ್ನು ಮೊದಲು, ಮೆತ್ತನೆಯವನ್ನು ಆಮೇಲೆ ಹಾಕಿ, ಅರೆದ ಶುಂಠಿ, ಉಪ್ಪು, ಒಂದು ಚಿಟಿಕೆ ಸಕ್ಕರೆ ಸೇರಿಸಿ, ತರಕಾರಿ ಮುಳುಗುವಷ್ಟು ಬಿಸಿನೀರು ಬಿಟ್ಟು ಮುಚ್ಚಬೇಕು. ಮುಕ್ಕಾಲು ಬೆಂದಾಗ ಒಂದೊಂದು ದೊಡ್ಡ ಚಮಚ ಸಾಸಿವೆ, ಗಸಗಸೆಗಳನ್ನು ಅರೆದು ಸೇರಿಸುವುದು. ಸಾಸಿವೆಯನ್ನು ಉಪ್ಪಿನೊಡನೆ ಅರೆಯದಿದ್ದರೆ ಅದು ತನ್ನದೇ ಒಂದು ಕೆಟ್ಟ ಕಹಿಯನ್ನು ಬಿಡುತ್ತದೆ. ಶುಕ್ತೊವಿಗೆ ಬೇಕಾದ ಕಹಿ ಅದಲ್ಲ. ಕಟ್ಟಕಡೆಗೆ ಹುರಿದಿಟ್ಟ ಹಾಗಲಕಾಯಿ, ಬದನೆ, ಸಂಡಿಗೆಗಳನ್ನು ಹಾಕಿ, ಉರಿಯನ್ನು ತಗ್ಗಿಸಿ, ಅರ್ಧ ಬಟ್ಟಲು ಹಾಲು ಎರೆದು, ಒಂದು ಕುದಿ ಬರುವಷ್ಟರಲ್ಲಿ ಇಳಿಸಿ, ಮೇಲೊಂದು ಚಮಚ ತುಪ್ಪ ಬಿಟ್ಟು ಮುಚ್ಚಿಡುವುದು. ಉರಿ ದೊಡ್ಡದಾದರೆ ಹಾಲು ಒಡೆದು ಮಾಡಿದ್ದೆಲ್ಲ ಕೆಡುತ್ತದೆ. ಅರಿಸಿನವಿಲ್ಲ, ಮೆಣಸಿನಕಾಯಿಯ ಖಾರವಿಲ್ಲ, ಹುಣಿಸೆಯಿಲ್ಲ, ಬೇಳೆಯಿಲ್ಲ, ಈರುಳ್ಳಿ ಬೆಳ್ಳುಳ್ಳಿಗಳಂತೂ ಇಲ್ಲವೇ ಇಲ್ಲ. ಬಿಸಿಯಾರಿದ ಮೇಲೆ ಬಡಿಸುವುದು ವಾಡಿಕೆ. ಕನ್ನಡನಾಡಿನ ಹಾಗಲಕಾಯಿ ಗೊಜ್ಜಿನಲ್ಲಿ ಹುಳಿಬೆಲ್ಲಗಳು ಸೇರಿ ಕಹಿಯನ್ನು ಸೋಲಿಸುತ್ತವೆ. ಇಲ್ಲಿ ಯಾರೂ ಅದನ್ನು ಸೋಲಿಸಲು ಹೋಗುವುದಿಲ್ಲ, ಸುತ್ತಲೂ ಮೃದುವಾದ ನೆರೆಹೊರೆಯನ್ನು ಒದಗಿಸಿ ಸುಮ್ಮನಾಗುತ್ತಾರೆ.

ಸಂಸ್ಕೃತದಲ್ಲಿ 'ಶುಕ್ತ' ಎಂದರೆ ಹುಳಿಯಾದದ್ದು ಎಂದರ್ಥ. ಈ ವ್ಯಂಜನಕ್ಕೋ ಹುಳಿಯ ಸೋಂಕೇ ಇಲ್ಲ. ಶಬ್ದಗಳು ನಾಡಿನಿಂದ ನಾಡಿಗೆ ಹೋಗುವಾಗ ಸಾಮಾನುಗಳನ್ನು ಬದಲಿಸಿಕೊಳ್ಳುವುದು ಹೊಸತಲ್ಲ. ಮಧುರರಸವನ್ನು ಮೊದಲು, ಆಮ್ಲ ಲವಣಗಳನ್ನು ನಡುವೆ, ಮಿಕ್ಕವನ್ನು ಕಡೆಯಲ್ಲಿ ಸೇವಿಸಬೇಕೆಂದು ಸುಶ್ರುತಸಂಹಿತೆಯು ವಿಧಿಸುತ್ತದೆ. ವಂಗದೇಶದವರು ತಿಕ್ತದಿಂದ ಆರಂಭಿಸಿ ಮಧುರದಲ್ಲಿ ಮುಗಿಸುತ್ತಾರೆ. ಇದಕ್ಕೆ ಚರಕನಲ್ಲಿ ಒಂದು ಆಧಾರವು ಸಿಕ್ಕೀತು: ಕಹಿಯು ತಾನು ರುಚಿಕರವಲ್ಲದಿದ್ದರೂ ಅರುಚಿಯನ್ನು ಕಳೆಯುತ್ತದೆಯೆಂದು ಅವನು ಹೇಳಿದ್ದಾನೆ. ಈ ಮಾತನ್ನು ಹಿಡಿದು, ವಿಧವೆಯ ಬಾಳೂ ಹಾಗಲಕಾಯಿಯಂತೆ ತಾನು ಕಹಿಯಾಗಿದ್ದು ಮನೆಯವರ ಊಟವನ್ನು ಸವಿಯಾಗಿಸಿತು ಎಂದು ಉಪಮೆ ಕಟ್ಟುವ ರಸಿಕರು ಇರಬಹುದು. ಅಂಥ ಉಪಮೆಯು ಬಹಳ ಅಗ್ಗದ್ದು. ಹಾಗಲಕಾಯಿಗೆ ಮನಸ್ಸಿಲ್ಲ, ಅದನ್ನು ಹೆಚ್ಚಿದವಳಿಗೆ ಇತ್ತು.

ಆ ಹೆಚ್ಚಿದವಳ ಸ್ಥಿತಿ ಎಂಥದು? ವಂಗದೇಶದ ಮೇಲ್ವರ್ಣದ ಮನೆಗಳಲ್ಲಿ ಗಂಡ ತೀರಿದ ದಿನದಿಂದ ಹೆಂಗಸಿನ ಎಲೆಯಿಂದ ಮೀನು, ಮಾಂಸ, ಈರುಳ್ಳಿ, ಬೆಳ್ಳುಳ್ಳಿ, ಮಸೂರ ಬೇಳೆಗಳು ಹೊರಟುಹೋಗುತ್ತಿದ್ದುವು. ಮನೆಯವರು ಉಣ್ಣುವ ಕುಚ್ಚಲಕ್ಕಿಯು ಅವಳಿಗೆ ಸಲ್ಲದು, ಬೆಳ್ತಿಗೆಯೇ ಆಗಬೇಕು. ಅನ್ನವು ದಿನಕ್ಕೆ ಒಂದೇ ಹೊತ್ತು. ತಿಂಗಳಿಗೆ ಎರಡು ಏಕಾದಶಿ, ಎರಡರಲ್ಲಿಯೂ ನೀರಿಲ್ಲದ ಉಪವಾಸ. ಆಷಾಢದ ಅಂಬುವಾಚಿಯ ಮೂರು ದಿನ ಬೆಂಕಿಯಲ್ಲಿ ಬೆಂದದ್ದನ್ನು ಮುಟ್ಟುವಂತಿಲ್ಲ. ಪಾತ್ರೆ ಬೇರೆ, ಒಲೆ ಬೇರೆ, ಉಡುವುದು ಅಂಚಿಲ್ಲದ ಬಿಳಿಯ ಸೀರೆ. ಮದುವೆಯ ಮನೆಯಲ್ಲಿ ಅವಳ ಕೈಯ ಸಂಡಿಗೆ ಬೇಕು, ಮಂಟಪದ ಬಳಿ ಅವಳ ಮುಖ ಬೇಡ. ನಲವತ್ತು ವರ್ಷ ಸಂಸಾರ ಮಾಡಿದವಳಿಗೂ, ಗಂಡನ ಮುಖವನ್ನು ನೆಟ್ಟಗೆ ನೋಡಿರದ ಎಂಟೊಂಬತ್ತು ವರ್ಷದ ಹುಡುಗಿಗೂ ಇದೇ ಕಟ್ಟಳೆ. ಮಡಿಯ ಅಜ್ಜಿಯರನ್ನು ಕಂಡು ಕೇಳಿ ಬಲ್ಲ ಕನ್ನಡದ ಮನೆಗಳಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ೧೯೭೬ರಲ್ಲಿ ಪ್ರಕಟವಾದ ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಓದಿದವರಿಗೆ ಅರ್ಧ ಮಾತೇ ಸಾಕು.

ಆದರೆ ದಕ್ಷಿಣದ ಸಸ್ಯಾಹಾರಿ ವಾಚಕರು ಇಲ್ಲಿ ಒಂದೆಡೆ ಎಡವುವ ಸಂಭವವುಂಟು. ಮೀನು ಬಿಡುವುದೂ ಒಂದು ಕಷ್ಟವೇ, ಈರುಳ್ಳಿಯಿಲ್ಲದ ಊಟವು ಸಾತ್ತ್ವಿಕವಲ್ಲವೆ, ಇದರಲ್ಲಿ ಕ್ರೌರ್ಯವೆಲ್ಲಿ ಎಂದು ಅವರು ಕೇಳಬಹುದು. ವಂಗದೇಶದಲ್ಲಿ ಮೀನು ಅನಾಚಾರದ ಆಹಾರವಲ್ಲ. ಅಲ್ಲಿಯ ಬ್ರಾಹ್ಮಣರ ಮತ್ಸ್ಯಾಹಾರವನ್ನು ಭವದೇವಭಟ್ಟನಂಥ ಸ್ಮೃತಿಕಾರನೇ ಶಾಸ್ತ್ರಾಧಾರದಿಂದ ಸಮರ್ಥಿಸಿದ್ದಾನೆ. ಮದುವೆಯ ಉಡುಗೊರೆಗಳ ಜತೆಯಲ್ಲಿ ಅಲಂಕರಿಸಿದ ದೊಡ್ಡ ಮೀನನ್ನು ಕಳುಹಿಸುವುದು ಅಲ್ಲಿಯ ಮಂಗಳಾಚಾರ. ಕುಂಕುಮ, ಶಂಖದ ಬಳೆ, ಎಲೆಯ ಮೇಲಿನ ಮೀನಿನ ತುಂಡು, ಈ ಮೂರೂ ಅಲ್ಲಿಯ ಮುತ್ತೈದೆತನದ ಗುರುತು. ಆದುದರಿಂದ ಮೀನನ್ನು ಬಿಡಿಸಿದ್ದು ಅವಳನ್ನು ಸಾತ್ತ್ವಿಕಳನ್ನಾಗಿ ಮಾಡುವುದಕ್ಕಲ್ಲ. ಮಂಗಳದ ಪಂಕ್ತಿಯಿಂದ ಎಬ್ಬಿಸುವುದಕ್ಕೆ. ಒಂದೇ ಬಗೆಯ ಅನ್ನವು ಒಬ್ಬನಿಗೆ ವ್ರತವೂ ಇನ್ನೊಬ್ಬಳಿಗೆ ದಂಡನೆಯೂ ಆಗಬಲ್ಲುದು. ಅದರಲ್ಲಿ ಏನು ಬೆಂದಿದೆಯೆಂದು ನೋಡಿದರೆ ಸಾಲದು, ಯಾರ ಇಚ್ಛೆಯಿಂದ ಬೆಂದಿದೆಯೆಂದೂ ನೋಡಬೇಕು.

ಇಷ್ಟಾದ ಮೇಲೆ ಪೂರ್ವಪಕ್ಷವನ್ನು ಅದರ ಪೂರ್ಣಬಲದಲ್ಲಿ ಮಂಡಿಸುವುದು ನ್ಯಾಯ. ಕಟ್ಟಳೆಯು ಕಠಿಣವಾಗಿದ್ದಿತು, ನಿಜ. ಆದರೆ ಆ ಕಟ್ಟಿನೊಳಗೇ ಒಂದು ಕಲೆಯು ಅರಳಿತು. ಮೀನಿಲ್ಲದವಳು ಬಾಳೆಯ ಹೂವನ್ನು ಬಿಡಿಸಿ ಘಂಟ ಮಾಡಿದಳು. ಬಾಳೆದಿಂಡು, ಕುಂಬಳದ ಹೂವು, ಸೋರೆಕಾಯಿಯ ಸಿಪ್ಪೆ, ಆಲೂಗಡ್ಡೆಯ ಸಿಪ್ಪೆಗಳನ್ನು ಕೂಡ ಬಿಸುಡದೆ ವ್ಯಂಜನವಾಗಿಸಿದಳು. ಕಡಲೆಬೇಳೆಯನ್ನು ಅರೆದು 'ಧೋಕಾ' ಕರಿದು ರಸದಲ್ಲಿ ಮುಳುಗಿಸಿದಳು. ಎಳೆಯ ಹಲಸಿನಕಾಯಿಗೆ ಆ ನಾಡಿನಲ್ಲಿ 'ಮರದ ಮೇಲಿನ ಆಡು' ಎಂಬ ವಿನೋದದ ಹೆಸರೇ ಬಿದ್ದಿದೆ. ತಪಸ್ಸಿಲ್ಲದೆ ಸಿದ್ಧಿಯೆಲ್ಲಿ? ಸಂಯಮವು ಇಚ್ಛೆಯಿಂದ ಬಂದಿತೋ ಬಲಾತ್ಕಾರದಿಂದ ಬಂದಿತೋ, ಫಲವು ಕಣ್ಣೆದುರಿಗಿದೆ. ಫಲವನ್ನು ಹೊಗಳುವವರು ಮರವನ್ನು ಕಡಿಯಬೇಕೆನ್ನುವುದು ಕೃತಘ್ನತೆ. ಪೂರ್ವಪಕ್ಷವು ಇಷ್ಟು. ಇದನ್ನು ಬಾಯಿಬಿಟ್ಟು ಹೇಳುವವರು ಇಂದು ವಿರಳ. ಊಟದ ಮೇಲೆ ಮೌನವಾಗಿ ಹೀಗೆಯೇ ಭಾವಿಸುವವರು ವಿರಳರಲ್ಲ.

ಮೊದಲನೆಯ ಉತ್ತರವು ಚರಿತ್ರೆಯಿಂದ ಬರುತ್ತದೆ. ಶುಕ್ತೊ ವಿಧವೆಯರ ಸೃಷ್ಟಿಯೇ ಅಲ್ಲ. ೧೪೮೬ರಲ್ಲಿ ಜನಿಸಿದ ಚೈತನ್ಯದೇವರ ಚರಿತ್ರೆಯನ್ನು ಕೃಷ್ಣದಾಸ ಕವಿರಾಜನು ೧೭ನೆಯ ಶತಮಾನದ ಆದಿಯಲ್ಲಿ ಬರೆದು ಮುಗಿಸಿದನು. ಆ 'ಚೈತನ್ಯಚರಿತಾಮೃತ'ದಲ್ಲಿ ಶಾಂತಿಪುರದ ಅದ್ವೈತಾಚಾರ್ಯರ ಮನೆಯ ಊಟದ ವರ್ಣನೆಯಿದೆ. ಅಲ್ಲಿ ಕಾಯಿಗಡ್ಡೆಗಳನ್ನು ಸೇರಿಸಿ ಮಾಡಿದ ಕಹಿ ವ್ಯಂಜನಗಳು ಬರುತ್ತವೆ. ಇನ್ನೂ ಮನಮುಟ್ಟುವ ಪ್ರಸಂಗವೆಂದರೆ ಪಾನಿಹಾಟಿಯ ರಾಘವಪಂಡಿತನ ಸೋದರಿ ದಮಯಂತಿಯದು. ಪುರಿಯಲ್ಲಿದ್ದ ಚೈತನ್ಯದೇವರಿಗೆ ಅವಳು ವರ್ಷವರ್ಷವೂ ಚೀಲಗಳಲ್ಲಿ ತುಂಬಿ ಕಳುಹಿಸುತ್ತಿದ್ದ ಬಗೆಬಗೆಯ ತಿನಿಸುಗಳಲ್ಲಿ ಒಣಗಿಸಿದ ಕಹಿಯ 'ಸುಕುತಾ' ಒಂದು. ಕಂಡವರ ಮನೆಗಳಲ್ಲಿ ಭಾರವಾದ ಊಟ ಮಾಡಿ ಅವರಿಗೆ ಅಜೀರ್ಣವಾದೀತು, ಇದು ಅದನ್ನು ಕಳೆದೀತು ಎಂಬುದು ಅವಳ ಕಾಳಜಿ. ಅದನ್ನು ತುಚ್ಛವೆಂದು ಎಣಿಸಬೇಡಿರೆಂದು ಕವಿಯು ಓದುವವರನ್ನು ಬೇಡಿಕೊಳ್ಳುತ್ತಾನೆ. ೧೬ನೆಯ ಶತಮಾನದ ಮುಕುಂದರಾಮನ 'ಚಂಡೀಮಂಗಲ'ದಲ್ಲಿ ಗಂಡನಿಗಾಗಿ ಅಡುಗೆ ಮಾಡುವ ಖುಲ್ಲನೆಯೂ ಇಂಥದನ್ನೇ ಬೇಯಿಸುತ್ತಾಳೆ. ಆ ಕಾಲದ ಪಾತ್ರೆಯಲ್ಲಿ ಆಲೂಗಡ್ಡೆ, ಪರಂಗಿ, ಸಿಹಿಗೆಣಸುಗಳು ಇದ್ದಿರಲಾರವು. ಅವು ಅಮೆರಿಕಾ ಖಂಡದ ಸಸ್ಯಗಳು, ಪೋರ್ಚುಗೀಸರು ಬಂದ ಮೇಲೆ ಹರಡಿದುವು. ಪಾಕದ ಅಂತಃಸತ್ತ್ವವು ಮಾತ್ರ ಅದೇ. ಎಂದಮೇಲೆ, ಭಕ್ತಿಯಿಂದ ಮೀನು ಬಿಟ್ಟವರ ಮನೆಯಲ್ಲಿಯೂ ಮೀನು ತಿನ್ನುವ ಮುತ್ತೈದೆಯ ಕೈಯಲ್ಲಿಯೂ ಹುಟ್ಟಬಲ್ಲ ರುಚಿಗೆ ಬಾಲವಿಧವೆಯ ಕಣ್ಣೀರು ಅವಶ್ಯಕವಾಗಿದ್ದಿತೆಂದು ಹೇಳುವುದು ಹೇಗೆ? ಯಾವುದಿಲ್ಲದೆಯೂ ಕಾರ್ಯವು ಆಗುತ್ತದೆಯೋ ಅದು ಕಾರಣವಲ್ಲ. ನ್ಯಾಯಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೂ ಇದು ತಿಳಿದಿರುತ್ತದೆ.

ಎರಡನೆಯ ಉತ್ತರವು ತಪಸ್ಸೆಂಬ ಶಬ್ದವನ್ನು ಕುರಿತದ್ದು. ವ್ರತಕ್ಕೆ ಸಂಕಲ್ಪವೇ ಮೂಲ. ನೀರು ಹಿಡಿದು ತನ್ನ ಹೆಸರು, ಗೋತ್ರ, ದೇಶ, ಕಾಲಗಳನ್ನು ಹೇಳಿ, ಮಾಡುತ್ತೇನೆಂದು ಉಚ್ಚರಿಸಿದ ಹೊರತು ಒಂದು ಚಿಕ್ಕ ಪೂಜೆಯೂ ಸಾಗದ ಧರ್ಮದಲ್ಲಿ, ಮಾತಿನ ಅರ್ಥವೇ ತಿಳಿಯದ ಮಗುವಿನ ಪರವಾಗಿ ಅತ್ತೆಮಾವಂದಿರೂ ನೆರೆಯವರೂ ಮಾಡಿದ ನಿಶ್ಚಯವು ವ್ರತವಾಗುವುದು ಎಂತು? ಇದು ಕಾಮ್ಯವಲ್ಲ, ಗಂಡನ ಮರಣವೆಂಬ ನಿಮಿತ್ತದಿಂದ ಬಂದ ನೈಮಿತ್ತಿಕ. ಇಚ್ಛೆಯ ಪ್ರಶ್ನೆಯೇ ಏಳದು ಎಂದು ಮೀಮಾಂಸೆಯನ್ನು ಬಲ್ಲವರು ಆಕ್ಷೇಪಿಸಬಹುದು. ಹಾಗಾದರೆ ನಿಮಿತ್ತವು ಇಬ್ಬರಿಗೂ ಸಮಾನವಾಗಬೇಕು. ಮನುಸ್ಮೃತಿಯ ಐದನೆಯ ಅಧ್ಯಾಯವು ವಿಧವೆಯು ಹೂವು, ಗಡ್ಡೆ, ಹಣ್ಣುಗಳಿಂದ ದೇಹವನ್ನು ಕೃಶಗೊಳಿಸಿಕೊಳ್ಳಲೆಂದು ಹೇಳಿ, ಹತ್ತಾರು ಶ್ಲೋಕಗಳು ಕಳೆಯುವುದರೊಳಗೆ, ಮಡದಿಯು ಮೊದಲು ತೀರಿದರೆ ಅವಳಿಗೆ ಅಗ್ನಿಸಂಸ್ಕಾರ ಮಾಡಿ ಗಂಡನು ಮತ್ತೆ ಮದುವೆಯಾಗಬಹುದೆಂದು ಹೇಳುತ್ತದೆ. ಒಂದೇ ಮರಣವು ಒಬ್ಬರಿಗೆ ಹೊಸ ಒಲೆಯನ್ನೂ ಇನ್ನೊಬ್ಬರಿಗೆ ಮೂಲೆಯ ಒಲೆಯನ್ನೂ ಕೊಟ್ಟರೆ, ಅಲ್ಲಿ ಮರಣವು ನಿಮಿತ್ತವಲ್ಲ, ಹೆಣ್ಣಾಗಿರುವುದೇ ನಿಮಿತ್ತ.

ಇವೆರಡಕ್ಕಿಂತಲೂ ಬಲವಾದ ಉತ್ತರವೊಂದಿದೆ. ಒಂದು ವಿಧಿಯ ಫಲವೆಂದರೆ ಆ ವಿಧಿಯು ಯಾವುದನ್ನು ಉದ್ದೇಶಿಸಿತೋ ಅದು. ವಿಧವೆಯ ಎಲೆಯಿಂದ ಈರುಳ್ಳಿ, ಮಸೂರ, ಮೀನುಗಳನ್ನು ತೆಗೆದದ್ದು ಏತಕ್ಕೆ? ಅವು ದೇಹವನ್ನು ಕಾವೇರಿಸುತ್ತವೆ, ಮನಸ್ಸನ್ನು ಕೆರಳಿಸುತ್ತವೆ; ಅವಳ ದೇಹವು ತಣಿಯಬೇಕು, ಆಸೆಯು ಆರಬೇಕು, ನಾಲಗೆಯು ಸುಮ್ಮನಾಗಬೇಕು ಎಂದು. ಎಂದರೆ ಕಟ್ಟಳೆಯು ಬಯಸಿದ್ದು ಅರುಚಿಯನ್ನು. ಬೆಳ್ತಿಗೆ ಅನ್ನ, ಬೇಯಿಸಿದ ಬಾಳೆಕಾಯಿ, ಒಂದು ಹರಳು ಉಪ್ಪು: ಕಟ್ಟಳೆಯ ಯಥಾರ್ಥವಾದ ಫಲವು ಇಷ್ಟೇ. ಅದೇ ಬಾಳೆಕಾಯಿಯನ್ನು ಎಷ್ಟು ಸಣ್ಣಗೆ ಹೆಚ್ಚಬೇಕು, ಹಾಲನ್ನು ಯಾವ ಕ್ಷಣದಲ್ಲಿ ಎರೆಯಬೇಕು, ಯಾವ ಬೀಜವು ಎಷ್ಟು ಸಿಡಿಯಬೇಕು ಎಂಬುದನ್ನು ವರ್ಷಗಟ್ಟಲೆ ಕಂಡುಕೊಂಡು, ನಿಷೇಧದ ಒಂದಕ್ಷರವನ್ನೂ ಮೀರದೆ ಅವಳು ಎಬ್ಬಿಸಿದ ಸವಿಯಿದೆಯಲ್ಲ, ಅದು ಕಟ್ಟಳೆಯ ಫಲವಲ್ಲ, ಕಟ್ಟಳೆಯ ಸೋಲು. ಅವಳನ್ನು ನೀರಸಳನ್ನಾಗಿ ಮಾಡಬೇಕೆಂದಿದ್ದವರ ಎಣಿಕೆಯು ಅವಳ ಒಲೆಯ ಮುಂದೆ ಪ್ರತಿದಿನವೂ ಒಂದು ಹೊತ್ತು ತಪ್ಪಿಹೋಗುತ್ತಿದ್ದಿತು. ಶುಕ್ತೊವಿನ ಬಟ್ಟಲನ್ನು ತೋರಿಸಿ ಕಟ್ಟಳೆಯನ್ನು ಹೊಗಳುವವರು, ಸೆರೆಮನೆಯ ಗೋಡೆಯ ಮೇಲೆ ಸೆರೆಯಾಳು ಇದ್ದಿಲಿನಿಂದ ಬರೆದ ಚಿತ್ರವನ್ನು ತೋರಿಸಿ ಗೋಡೆ ಕಟ್ಟಿದವನಿಗೆ ಚಿತ್ರಕಾರನೆಂಬ ಬಿರುದು ಕೊಡುವವರಂತೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಪಕ್ಷವೂ ಇದೆ. ಅದನ್ನು ಹೇಳುವವರ ಮನಸ್ಸು ಒಳ್ಳೆಯದು. ಇಂಥ ಹಿನ್ನೆಲೆಯುಳ್ಳ ಅಡುಗೆಯನ್ನು ಬಾಯಿ ಚಪ್ಪರಿಸಿ ಉಣ್ಣುವುದೇ ಆ ಕ್ರೌರ್ಯದಲ್ಲಿ ಪಾಲುಗೊಂಡಂತೆ, ಅದನ್ನು ಬಿಟ್ಟುಬಿಡುವುದೇ ಲೇಸೆಂದು ಅವರ ಮತ. ಇದನ್ನು ಒಪ್ಪುವುದು ಕಷ್ಟ. ಆ ಸಾವಿರಾರು ಹೆಂಗಸರ ಪಟಗಳಿಲ್ಲ, ಪತ್ರಗಳಿಲ್ಲ, ಬಹುಮಂದಿಯ ಹೆಸರುಗಳು ಮನೆಯ ವಂಶವೃಕ್ಷದಲ್ಲಿಯೂ ಇಲ್ಲ. ಮಾತನಾಡಿದವರು ಎಲ್ಲೋ ಒಬ್ಬಿಬ್ಬರು. ಅಡುಗೆಮನೆಯಲ್ಲಿ 'ಚೈತನ್ಯಭಾಗವತ'ದ ಒಂದು ಹಾಳೆಯನ್ನು ಬಚ್ಚಿಟ್ಟುಕೊಂಡು ಕದ್ದು ಓದು ಕಲಿತ ರಾಸಸುಂದರಿ ದೇವಿಯು 'ಆಮಾರ್ ಜೀಬನ್' ಎಂಬ ಆತ್ಮಚರಿತ್ರೆಯಲ್ಲಿ, ಮನೆಯವರಿಗೆಲ್ಲ ಬೇಯಿಸಿ ಬಡಿಸಿ ತಾನು ಉಪವಾಸ ಉಳಿದ ದಿನಗಳನ್ನು ಬರೆದಿಟ್ಟಿದ್ದಾಳೆ. ಅದು ಅವಳು ಮುತ್ತೈದೆಯಾಗಿದ್ದ ಕಾಲದ ಮಾತು. ಮಿಕ್ಕವರು ಬಿಟ್ಟುಹೋದದ್ದು ಕೈಯ ಹದವೊಂದನ್ನೇ. ಅವರ ದುಃಖದ ಗೌರವಾರ್ಥವಾಗಿ ಆ ಹದವನ್ನೂ ಮರೆತರೆ, ಅವರನ್ನು ಇಲ್ಲವಾಗಿಸಿದ ಕೆಲಸವನ್ನು ಪೂರ್ತಿ ಮಾಡಿದಂತೆಯೇ ಆಯಿತು.

ಹಾಗಾದರೆ ರುಚಿಯ ಯಶಸ್ಸನ್ನು ಅವಳಿಗೆ ಸಲ್ಲಿಸಿ, ಅಪಯಶಸ್ಸನ್ನು ಕಟ್ಟಳೆಗೆ ಸಲ್ಲಿಸಿ, ಲೆಕ್ಕ ಚುಕ್ತವಾಯಿತೆಂದು ಎದ್ದುಹೋಗಬಹುದೇ? ಹೋಗಲಾಗದು. ಆ ಮನೆಗಳಲ್ಲಿ ಅವಳ ಅಡುಗೆಯನ್ನು ಹೊಗಳದವರು ಯಾರಿದ್ದರು? ಮೀನಿನ ಊಟ ಮುಗಿಸಿದ ಮಕ್ಕಳು ಅಜ್ಜಿಯ ಒಲೆಯ ಬಳಿಗೆ ಓಡಿ ಒಂದು ತುತ್ತಿಗಾಗಿ ಕೈಯೊಡ್ಡುತ್ತಿದ್ದ ಚಿತ್ರವು ವಂಗದೇಶದವರ ಬಾಲ್ಯಸ್ಮರಣೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಗಂಡಸರು ಅವಳ ಕೈಗುಣವನ್ನು ನಾಲ್ಕು ಮಂದಿಯ ಮುಂದೆ ಕೊಂಡಾಡುತ್ತಿದ್ದರು. ಆ ಹೊಗಳಿಕೆಯಲ್ಲಿ ಸುಳ್ಳಿರಲಿಲ್ಲ. ಆದರೂ ಏಕಾದಶಿಯ ದಿನ ಒಂದು ಲೋಟ ನೀರನ್ನು ಮುಂದಿಟ್ಟವರು ಅವರಲ್ಲಿ ಎಷ್ಟು ಮಂದಿ? ಈಶ್ವರಚಂದ್ರ ವಿದ್ಯಾಸಾಗರರು ೧೮೫೫ರಲ್ಲಿ ಪರಾಶರಸ್ಮೃತಿಯನ್ನೇ ಆಧಾರವಾಗಿ ಹಿಡಿದು ವಿಧವಾವಿವಾಹವು ಶಾಸ್ತ್ರಸಮ್ಮತವೆಂದು ಸಾಧಿಸಿ ಬರೆದರು. ಸರ್ಕಾರಕ್ಕೆ ಹೋದ ಅವರ ಮನವಿಗೆ ರುಜು ಹಾಕಿದವರು ೧,೦೦೦ಕ್ಕೂ ಕಡಮೆ. ವಿರೋಧದ ಮನವಿಗೆ ಬಿದ್ದ ರುಜುಗಳು ೩೬,೦೦೦ಕ್ಕೂ ಹೆಚ್ಚು. ವಿರೋಧಿಸಿದವರಲ್ಲಿ ಅನೇಕರು ತಮ್ಮ ಮನೆಯ ವಿಧವೆಯು ಬೇಯಿಸಿದ ಊಟವನ್ನು ಉಂಡು ಕೈತೊಳೆದ ಮೇಲೆ ಲೇಖನಿ ಹಿಡಿದಿರಬೇಕೆಂದು ಊಹಿಸುವುದಕ್ಕೆ ಹೆಚ್ಚಿನ ಕಲ್ಪನಾಶಕ್ತಿ ಬೇಕಾಗಿಲ್ಲ. ವಿದ್ಯಾಸಾಗರರಾದರೋ ಬಾಲ್ಯದಲ್ಲಿ ಕಲ್ಕತ್ತೆಯ ಬಾಡಿಗೆ ಕೋಣೆಯಲ್ಲಿ ತಂದೆಗೂ ತಮ್ಮಂದಿರಿಗೂ ತಾವೇ ಅಡುಗೆ ಮಾಡಿ ಬಡಿಸಿದವರು. ಹೊಗೆಯಲ್ಲಿ ಕುಳಿತ ಅ ನುಭವಕ್ಕೂ ಅವರ ಕನಿಕರಕ್ಕೂ ಸಂಬಂಧವಿದ್ದಿತೇ ಎಂಬುದನ್ನು ವಾಚಕರೇ ಯೋಚಿಸಬಹುದು.

೧೮೫೬ರ ಜುಲೈಯಲ್ಲಿ ಕಾನೂನು ಬಂದಿತು. ಡಿಸೆಂಬರ್ ೭ರಂದು ಕಲ್ಕತ್ತೆಯಲ್ಲಿ ಅದರ ಮೇರೆಗೆ ಮೊದಲ ವಿವಾಹವೂ ನಡೆಯಿತು. ಮದುವೆಗೆ ಕಾನೂನು ಮಾಡಬಹುದು, ಎಲೆಗೆ ಮಾಡಲಾಗದು. ಮರುಮದುವೆಯಾಗದ ಅಸಂಖ್ಯಾತ ಹೆಂಗಸರ ಎಲೆಯ ಮೇಲೆ ಆಮೇಲೆಯೂ ಬಹುಕಾಲ ಹಳೆಯ ಕಟ್ಟಳೆಯೇ ನಡೆದುಕೊಂಡು ಬಂದಿತು. ರುಚಿಯು ಪ್ರೀತಿಯನ್ನು ಹುಟ್ಟಿಸಬಲ್ಲುದು, ನ್ಯಾಯವನ್ನು ಹುಟ್ಟಿಸಲಾರದು ಎಂಬುದು ಇಲ್ಲಿ ಒತ್ತಿ ಹೇಳಬೇಕಾದ ವಿಷಯ. ಅಷ್ಟೇ ಅಲ್ಲ, ಆ ಹೊಗಳಿಕೆಯು ಅವಳಿಗೆ ಸಮಾಧಾನವನ್ನು ತಂದಂತೆ ಮನೆಯವರಿಗೂ ಸಮಾಧಾನವನ್ನು ತಂದಿತು. ಅತ್ತೆಗೆ ಏನು ಕಡಮೆ, ಅವರ ಒಲೆಯೇ ಅವರಿಗೆ ರಾಜ್ಯ ಎಂದು ಹೇಳಿಕೊಳ್ಳುವುದಕ್ಕೆ ಆ ಬಟ್ಟಲು ಸಾಧನವಾಯಿತು. ಕೆಲವು ಹಿರಿಯ ವಿಧವೆಯರು ಆ ರಾಜ್ಯದಲ್ಲಿ ಕುಳಿತು, ಹೊಸದಾಗಿ ಬಿಳಿಯ ಸೀರೆಯುಟ್ಟು ಬಂದ ಹುಡುಗಿಯ ಮೇಲೆ ತಾವು ಅನುಭವಿಸಿದ ಕಟ್ಟಳೆಯನ್ನು ತಾವೇ ನಡೆಸಿದ್ದೂ ಉಂಟು. ಅವಳು ಕಲಾವಿದೆಯಾಗಿದ್ದಳೆಂಬ ಮಾತ್ರಕ್ಕೆ ಈ ಸಂಗತಿಯನ್ನು ಮುಚ್ಚಿಡಬೇಕಾಗಿಲ್ಲ.

ಇಂದು ಆ ಕಟ್ಟಳೆಯು ಬಹಳಷ್ಟು ಸಡಿಲಗೊಂಡಿದೆ. ನಗರಗಳ ಅನೇಕ ಮನೆಗಳಲ್ಲಿ ಹೋಗಿಯೇಬಿಟ್ಟಿದೆ. ಪೂರ್ತಿಯಾಗಿ ಎಂದು ಹೇಳುವಂತಿಲ್ಲ. ಮನೆಯಿಂದ ದೂರಾದ ವಂಗದೇಶದ ವಿಧವೆಯರು ಆಶ್ರಯ ಪಡೆದಿರುವ ವೃಂದಾವನದ ದುಃಸ್ಥಿತಿಯನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು ೨೦೧೨ರಲ್ಲಿ ಆಜ್ಞೆ ಮಾಡಬೇಕಾಗಿ ಬಂದಿತು. ಇತ್ತ ಕಲ್ಕತ್ತೆಯ ಭೋಜನಗೃಹಗಳಲ್ಲಿ ಶುಕ್ತೊವಿಗೆ ಆದರದ ಸ್ಥಾನವಿದೆ. ಪಾಕಗ್ರಂಥಗಳ ಮುನ್ನುಡಿಗಳಲ್ಲಿ ವಿಧವೆಯರ ಪ್ರತಿಭೆಯನ್ನು ನೆನೆಯುವುದು ರೂಢಿಯಾಗುತ್ತಿದೆ. ನೆನೆಯುವುದು ಒಳ್ಳೆಯದೇ. ಅದು ಮಸಾಲೆಯಂತೆ ಒಂದು ಚಿಟಿಕೆ ಕರುಣೆಯನ್ನು ಉದುರಿಸಿ ಮುಂದಿನ ಪುಟಕ್ಕೆ ಹೋಗುವ ಕ್ರಮವಾದರೆ, ಹಿಂದಿನವರ ಹೊಗಳಿಕೆಗೂ ಇದಕ್ಕೂ ಭೇದವು ಕಡಮೆ.

ಉಳಿಯುವುದು ಒಂದು ಕಠಿಣವಾದ ಪ್ರಸಂಗ. ಮಕ್ಕಳೂ ಸೊಸೆಯಂದಿರೂ 'ಇನ್ನು ಈ ನಿಯಮಗಳೆಲ್ಲ ಬೇಡಮ್ಮಾ, ಎಲ್ಲರ ಜತೆಯಲ್ಲಿ ಮೀನು ತಿನ್ನಿರಿ' ಎಂದು ಮನಃಪೂರ್ವಕವಾಗಿ ಕೇಳಿಕೊಂಡರೂ, ಎಂಬತ್ತು ದಾಟಿದ ತಾಯಿಯು ಒಲ್ಲೆನೆಂದು ತನ್ನ ಪಾತ್ರೆಯಲ್ಲಿ ತಾನೇ ಬೇಯಿಸಿಕೊಳ್ಳುವ ಮನೆಗಳು ಈಗಲೂ ಇವೆ. ಆ ಒಲ್ಲೆನೆಂಬ ಮಾತು ಸ್ವತಂತ್ರವೇ? ಅರುವತ್ತು ವರ್ಷ ಒಂದು ಭಾರವನ್ನು ಹೊತ್ತವಳ ನಡಿಗೆಯು ಭಾರವಿಳಿಸಿದರೂ ಹಾಗೆಯೇ ಇರುತ್ತದೆ. ಅದನ್ನು ಅವಳ ಸ್ವಭಾವವೆನ್ನಬೇಕೋ ಭಾರದ ಗುರುತೆನ್ನಬೇಕೋ ಹೊರಗಿನವರು ನಿರ್ಣಯಿಸುವಂತಿಲ್ಲ. ಒಂದು ಕಾಲದಲ್ಲಿ ಬೇರೆಯವರು ಅವಳಿಗಾಗಿ ಸಂಕಲ್ಪ ಮಾಡಿದರು. ಇಂದು ಅವಳೇ ಮಾಡುತ್ತಿದ್ದಾಳೆ. ಅದನ್ನು ಕೂಡ ಕಿತ್ತುಕೊಳ್ಳುವುದು ಹಳೆಯ ಬಲಾತ್ಕಾರದ ಇನ್ನೊಂದು ರೂಪವಾದೀತು. ಅವಳ ನಿಯಮವನ್ನು ಗೌರವಿಸಬೇಕು. ಅವಳೇ ಒಪ್ಪಿಕೊಂಡಿದ್ದಾಳೆ, ಆದಕಾರಣ ಹಿಂದೆ ನಡೆದದ್ದೂ ತಪ್ಪಲ್ಲ ಎಂದು ಅದನ್ನು ಸಾಕ್ಷಿಯಾಗಿ ಎಳೆದು ತರುವುದು ಸಲ್ಲದು. ಅಂಥ ತಾಯಿಯ ಬಳಿ ಸೊಸೆಯು ಈಳಿಗೆಮಣೆ ಹಾಕಿಕೊಂಡು ಕುಳಿತು, ಬಾಳೆಕಾಯಿಯನ್ನು ಎಷ್ಟು ದಪ್ಪಕ್ಕೆ ಹೆಚ್ಚಬೇಕೆಂದು ಕೇಳುವಾಗ, ಈ ಒಲೆಯನ್ನು ಬೇರೆ ಹಾಕಿದ ದಿನ ನಿಮಗೆಷ್ಟು ವಯಸ್ಸಾಗಿತ್ತು ಎಂಬುದನ್ನೂ ಕೇಳಬಹುದು. ಹೇಳುವ ಇಷ್ಟವಿದ್ದರೆ ಆಕೆ ಹೇಳಿಯಾಳು. ಇಲ್ಲವಾದರೆ, ಉರಿ ಹೆಚ್ಚಾಯಿತು, ಹಾಲು ಒಡೆದೀತು ಎಂದು ಒಲೆಯ ಕಡೆಗೆ ತಿರುಗಿಯಾಳು.